ನಲವತ್ತೇಳು ಉಸಿರು

ಫೋನಿನ ಆ ಕಡೆಯವರಿಗೆ ಕೇಳಿಸುತ್ತಿದ್ದ ಹೆಂಗಸಿನ ಮಾತು ಮುಗಿಯಿತು. ನಾನು ಟೇಪು ನಿಲ್ಲಿಸಿ, ಸ್ಪೀಕರಿನ ಮುಂದೆ ಹಿಡಿದಿದ್ದ ರಿಸೀವರನ್ನು ಕಿವಿಗಿಟ್ಟುಕೊಂಡು, “ಹೇಗಿದೆ?” ಎಂದೆ. ಹೆಮ್ಮೆಯಿಂದಲೇ ಕೇಳಿರಬೇಕು. ಹನ್ನೊಂದು ನಿಮಿಷದ ಮಾತನ್ನು ಒಂದು ಪದವನ್ನೂ ಬಿಡದೆ ಒಂಬತ್ತು ನಿಮಿಷ ಚಿಲ್ಲರೆಗೆ ಇಳಿಸಿದ್ದೆ.

“ಅವಳ ಉಸಿರೆಲ್ಲಿ?” ಎಂದರು ಕವಯಿತ್ರಿ.

ತೊಂಬತ್ತರ ದಶಕದ ನಡುವಿನ ಮಾತು. ವಾಷಿಂಗ್ಟನ್ನಿನ ಅಂಚಿನಲ್ಲಿ, ಮೆಟ್ರೋದ ಕೊನೆಯ ನಿಲ್ದಾಣದಿಂದ ಹತ್ತು ನಿಮಿಷ ನಡೆದರೆ ಸಿಗುತ್ತಿದ್ದ ಸಣ್ಣ ರೇಡಿಯೋ ಸ್ಟುಡಿಯೋ ಒಂದರಲ್ಲಿ ನಾನು ಟೇಪು ಕತ್ತರಿಸುವ ಕೆಲಸಕ್ಕಿದ್ದೆ. ದೊಡ್ಡ ಸ್ಟುಡಿಯೋಗಳಿಗೆ ಆಗಲೇ ಕಂಪ್ಯೂಟರು ಬಂದಿತ್ತು. ನಮ್ಮಲ್ಲಿ ಇನ್ನೂ ಕಾಲಂಗುಲ ಅಗಲದ ಟೇಪು, ಕ್ಷೌರದ ಬ್ಲೇಡು, ಬಿಳಿ ಅಂಟುಪಟ್ಟಿ, ಗುರುತು ಹಾಕಲು ಹಳದಿ ಮೇಣದ ಪೆನ್ಸಿಲು. ಆ ವಾರ ನನ್ನ ಮೇಜಿಗೆ ಬಂದದ್ದು ಕವಯಿತ್ರಿಯನ್ನು ಕುರಿತ ಅರ್ಧ ಗಂಟೆಯ ಕಾರ್ಯಕ್ರಮ. ಪ್ರಸಾರ ಮುಂದಿನ ಶುಕ್ರವಾರ. ಅಂದು ಬುಧವಾರ.

ಕವಯಿತ್ರಿಗೆ ಎಪ್ಪತ್ತರ ಸಮೀಪ. ಕೆರೊಲಿನಾದ ಬಟ್ಟೆ ಮಿಲ್ಲುಗಳ ಸೀಮೆಯವರು. ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಶಿಫ್ಟು ಬಿಡುವ ಹೊತ್ತಿಗೆ ಮಿಲ್ಲಿನ ಗೇಟಿನ ಮುಂದೆ ನಿಂತು ಪದ್ಯ ಓದಿದ್ದಕ್ಕೆ ಕೆಲಸ ಕಳೆದುಕೊಂಡರು. ಆಮೇಲೆ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಲೇ ಚರ್ಚುಗಳಲ್ಲಿ, ಕಾರ್ಮಿಕರ ಸಭೆಗಳಲ್ಲಿ, ಎರಡು ಸಲ ಜೈಲಿನೊಳಗೂ ಓದಿದರು. ಒಟ್ಟು ಮೂರು ತೆಳು ಪುಸ್ತಕ. ಅವುಗಳಲ್ಲಿರುವುದು ಬಹುಪಾಲು ಬೇರೆಯವರ ಮಾತು. ಹತ್ತಿಯ ಧೂಳು ಕುಡಿದು ಎದೆ ಕೆಟ್ಟ ಮಿಲ್ಲಿನವರ ಅಡುಗೆಮನೆಗಳಲ್ಲಿ ಕೂತು ಟೇಪಿಗೆ ಹಿಡಿದದ್ದು. ಮಾತಾಡುವವರ ಉಸಿರು ಎಲ್ಲಿ ಕಡಿಯಿತೋ ಅಲ್ಲೇ ಸಾಲು ಮುರಿದು ಬರೆದದ್ದು.

ಅವರಿಗೆ ಎರಡು ಕಟ್ಟುನಿಟ್ಟು. ಅಚ್ಚಿಗೆ ಕೊಡುವ ಮೊದಲು ಪದ್ಯವನ್ನು ಅದೇ ಅಡುಗೆಮನೆಗೆ ಹೋಗಿ ಓದಿ ಹೇಳುವುದು. ಮಾತಾಡಿದವರು ತಲೆಯಾಡಿಸಿದರಷ್ಟೇ ಮುಂದೆ. ಇನ್ನೊಂದು, ಮೂಲ ಟೇಪನ್ನು ಮಾತಾಡಿದವರ ಮನೆಯಲ್ಲೇ ಬಿಟ್ಟು ತಾವು ನಕಲನ್ನಷ್ಟೇ ಒಯ್ಯುವುದು. ಇದನ್ನು ನನಗೆ ಮೊದಲ ಭೇಟಿಯಲ್ಲೇ ಹೇಳಿದ್ದರು. ನನ್ನ ತಪ್ಪು ಹುಟ್ಟಿದ್ದು ಇದನ್ನು ಚೆನ್ನಾಗಿ ನೆನಪಿಟ್ಟಿದ್ದರಿಂದಲೇ. ಕಾರ್ಯಕ್ರಮಕ್ಕೆಂದು ಅವರು ಕಳಿಸಿದ ಟೇಪೂ ನಕಲೇ ಎಂದು ನಂಬಿದೆ. ನಕಲೆಂದ ಮೇಲೆ ಅದರದ್ದೊಂದು ನಕಲು ಯಾಕೆ ಎಂದುಕೊಂಡು ನೇರವಾಗಿ ಬ್ಲೇಡು ಹಾಕಿದೆ.

“ಉಸಿರು ಬೇಕಿದ್ದರೆ ತೊಂದರೆಯಿಲ್ಲ,” ಎಂದೆ ಫೋನಿನಲ್ಲಿ. “ಮೂಲದಿಂದ ಇನ್ನೊಂದು ನಕಲು ತರಿಸಿಕೊಡಿ.”

“ಯಾವ ಮೂಲ?”

“ಆಕೆಯ ಮಗಳ ಮನೆಯಲ್ಲಿ ಇರುವುದು.”

“ನಿನಗೆ ಕಳಿಸಿದ್ದು ಅದೇ. ನನ್ನ ಹತ್ತಿರವಿದ್ದ ನಕಲು ಅಂಟಂಟಾಗಿ ಹಾಳಾಗಿತ್ತು. ಮಗಳನ್ನು ಕೇಳಿ ಇಸಕೊಂಡು ಬಂದೆ. ಹದಿನಾಲ್ಕು ವರ್ಷದಲ್ಲಿ ಆ ಡಬ್ಬಿ ಅವಳ ಮನೆಯಿಂದ ಹೊರಗೆ ಬಂದದ್ದು ಇದೇ ಮೊದಲು.”

ಟೇಪಿನಲ್ಲಿ ಮಾತಾಡಿದ ಹೆಂಗಸು ತೀರಿಕೊಂಡು ಹದಿಮೂರು ವರ್ಷವಾಗಿತ್ತು. ಆಕೆಯ ದನಿ ಈ ಭೂಮಿಯ ಮೇಲೆ ಉಳಿದಿದ್ದದ್ದು ಆ ಒಂದು ರೀಲಿನಲ್ಲಿ.

ಕವಯಿತ್ರಿ ಬೈಯಲಿಲ್ಲ. ಬೈದಿದ್ದರು ಎಂದೂ ಕೆಲವೊಮ್ಮೆ ನೆನಪಾಗುತ್ತದೆ, ಆದರೆ ಆ ಬೈಗುಳ ನಾನೇ ಆಮೇಲೆ ಅಂಟಿಸಿಕೊಂಡದ್ದಿರಬೇಕು. ಅವರು ಕೇಳಿದ್ದು ಇಷ್ಟು: “ಕತ್ತರಿಸಿದ ತುಂಡುಗಳು?”

ಕಸದ ಬುಟ್ಟಿಯಲ್ಲಿದ್ದವು. ಮೂಲವನ್ನು ಮುಟ್ಟುವುದಾಗಿದ್ದರೆ ಪ್ರತಿ ತುಂಡಿಗೂ ನಂಬರು ಬರೆದು ಮೇಜಿನ ಅಂಚಿಗೆ ಅಂಟಿಸುತ್ತಿದ್ದೆ. ನಕಲಿನ ತುಂಡುಗಳಿಗೆ ಆ ಮರ್ಯಾದೆ ಇರಲಿಲ್ಲ. ಗುಡಿಸುವಾಕೆ ಬರುವುದು ಮಧ್ಯಾಹ್ನ ಹನ್ನೆರಡಕ್ಕೆ. ಗಡಿಯಾರದಲ್ಲಿ ಹನ್ನೊಂದೂ ಮುಕ್ಕಾಲು. ಬುಟ್ಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. ಕಾಫಿಯ ಪೇಪರ್ ಲೋಟ, ಕಿತ್ತಳೆ ಸಿಪ್ಪೆ, ಅದರ ಮಧ್ಯೆ ಕಂದು ನೂಡಲ್ಸಿನ ಹಾಗೆ ಟೇಪು. ಅದೂ ಒಂದೇ ಕಾರ್ಯಕ್ರಮದ್ದಲ್ಲ. ಅದರ ಹಿಂದಿನ ದಿನ ಒಬ್ಬ ರಾಜಕಾರಣಿಯ ಸಂದರ್ಶನದಿಂದ ತೆಗೆದ ಅಅಅ ಎಂಬ ತಡವರಿಕೆಗಳೂ ಅದರಲ್ಲೇ ಬೆರೆತಿದ್ದವು.

ಒಂದೊಂದನ್ನೇ ಒಣ ಬಟ್ಟೆಯಲ್ಲಿ ಒರೆಸಿ, ಎರಡು ತುದಿಗೂ ಬೇರೆ ಬಣ್ಣದ ಖಾಲಿ ಟೇಪು ಅಂಟಿಸಿ, ಯಂತ್ರದ ಮೇಲೆ ಓಡಿಸಿ ಕೇಳಿದೆ. ರಾಜಕಾರಣಿಯನ್ನು ಬೇರೆ ಮಾಡುವುದು ಸುಲಭವಿತ್ತು. ಸಂಜೆಯ ಹೊತ್ತಿಗೆ ಗೇಣುದ್ದದಿಂದ ಒಂದೂವರೆ ಮೊಳದವರೆಗೆ ನಲವತ್ತೇಳು ತುಂಡು ಸಿಕ್ಕವು. ಎಳೆದುಕೊಂಡ ಉಸಿರು, ಬಿಟ್ಟ ಉಸಿರು, ಕೆಮ್ಮು, ಕೆಮ್ಮು ಬರುವುದಕ್ಕೆ ಮೊದಲಿನ ಕಾಯುವಿಕೆ. ನಾನು ನಲವತ್ತೇಳು ಕಡೆ ಕತ್ತರಿಸಿದ್ದೆ. ರೀಲಿನಲ್ಲಿ ನಲವತ್ತೇಳು ಬಿಳಿ ಅಂಟು ಎಣಿಸಬಹುದಿತ್ತು. ಎಲ್ಲವೂ ಇವೆ, ಯಾವುದು ಎಲ್ಲಿಯದು ಗೊತ್ತಿಲ್ಲ.

ಇನ್ನೊಂದು ತೊಡಕು. ಜೋಡಿಸಿದಾಗ ಟಕ್ಕೆನ್ನದಿರಲಿ ಎಂದು ಟೇಪನ್ನು ಓರೆಯಾಗಿ ಕತ್ತರಿಸುತ್ತೇವೆ. ಎರಡೂ ತುದಿ ಒಂದೇ ಓರೆಗೆ ಕತ್ತರಿಸಿದ ತುಂಡನ್ನು ತಿರುಗಿಸಿಟ್ಟರೂ ಅದೇ ಆಕಾರ. ತಲೆ ಯಾವುದು ಬಾಲ ಯಾವುದು ನೋಡಿ ಹೇಳಲಾಗದು. ಮಾತಾದರೆ ಹಿಂದುಮುಂದಾದದ್ದು ಕೂಡಲೇ ತಿಳಿಯುತ್ತದೆ. ಉಸಿರನ್ನು ಹಿಂದಿನಿಂದ ಓಡಿಸಿದರೂ ಉಸಿರೇ.

ಕಾರ್ಯಕ್ರಮದ ನಿರ್ಮಾಪಕನಿಗೆ ಹೇಳಿದೆ. ಅವನು ಕೆಟ್ಟವನಲ್ಲ, ಅವನ ಕಣ್ಣು ಶುಕ್ರವಾರದ ಮೇಲೆ. “ಮಾತು ಪೂರ್ತಿ ಇದೆ ತಾನೆ? ಹಾಗೇ ಬಿಡು,” ಎಂದ. “ಅದರಲ್ಲಿ ಕೆಮ್ಮು ಕೇಳಬೇಕು ಅಂತ ಯಾರು ರೇಡಿಯೋ ಹಾಕುತ್ತಾರೆ?”

ಕವಯಿತ್ರಿ ಆ ವಾರ ಅಟ್ಲಾಂಟಾದ ಒಂದು ಗ್ರಂಥಾಲಯದಲ್ಲಿ ಪದ್ಯ ಬರೆಯುವ ತರಗತಿ ನಡೆಸುತ್ತಿದ್ದರು. ಗುರುವಾರ ಬೆಳಗ್ಗೆ ರೀಲು, ತುಂಡುಗಳು, ಸೂಟ್‌ಕೇಸಿನಷ್ಟಿದ್ದ ಟೇಪು ಯಂತ್ರ ಎಲ್ಲವನ್ನೂ ಕಾರಿಗೆ ಹಾಕಿಕೊಂಡು ಹೊರಟೆ. ಹತ್ತು ಗಂಟೆಯ ದಾರಿ. ನನ್ನ ಅಕ್ಕ ಅಟ್ಲಾಂಟಾದ ಪಕ್ಕದ ನಾರ್‌ಕ್ರಾಸಿನಲ್ಲಿದ್ದಳು. ಉಳಿಯಲು ಜಾಗ ಎಂದಷ್ಟೇ ಅವಳ ಮನೆಗೆ ಹೋದದ್ದು ಎಂದು ಬರೆಯಬಹುದು. ಆದರೆ ಅವಳು ಆಸ್ಪತ್ರೆಯಲ್ಲಿ ಉಸಿರಾಟದ ರೋಗಿಗಳನ್ನು ನೋಡಿಕೊಳ್ಳುವ ಥೆರಪಿಸ್ಟ್ ಎಂಬುದು ದಾರಿಯುದ್ದಕ್ಕೂ ನನ್ನ ತಲೆಯಲ್ಲಿತ್ತು ಎಂದೇ ಅನಿಸುತ್ತದೆ.

ಶುಕ್ರವಾರ ಸಂಜೆ ಅವಳು ಡ್ಯೂಟಿ ಮುಗಿಸಿ, ನೀಲಿ ಆಸ್ಪತ್ರೆ ಬಟ್ಟೆಯಲ್ಲೇ, ಹೆಗಲ ಬ್ಯಾಗು ಇಳಿಸದೆ ಊಟದ ಮೇಜಿನ ಹತ್ತಿರ ನಿಂತಳು.

“ಏನೋ ಇದು, ಟೇಬಲ್ ತುಂಬ ರಿಬ್ಬನ್ ಹರಡ್ಕೊಂಡಿದೀಯ. ಊಟ ಎಲ್ಲಿ ಮಾಡೋದು?”

“ಅಕ್ಕ, ಇದನ್ನೊಂದು ಕೇಳು. ಇದು ಮುಂದ್ಲಿಂದ ಓಡ್ತಿದ್ಯಾ, ಹಿಂದ್ಲಿಂದನಾ ಹೇಳು.”

“ಟ್ವೆಲ್ವ್ ಅವರ್ಸ್ ಇದೇ ಸೌಂಡ್ ಕೇಳ್ಕೊಂಡು ಬಂದಿದೀನಿ ಕಣೋ. ಮನೇಲಾದ್ರೂ ಯಾವ್ದಾದ್ರೂ ಹಾಡು ಹಾಕ್ಬಾರ್ದಾ?”

ಹಾಕಿದೆ. ಆ ಉಸಿರು ಕೇಳಿ ಅವಳು ಬ್ಯಾಗನ್ನು ಕುರ್ಚಿಯ ಮೇಲಿಟ್ಟಳು.

“ಇನ್ನೊಂದ್ಸಲ ಪ್ಲೇ ಮಾಡು.” ಕೇಳಿ, ತಲೆ ಅಲ್ಲಾಡಿಸಿದಳು. “ಉಲ್ಟಾ ಇದೆ. ಈ ಥರ ಪೇಷಂಟ್ಸ್‌ಗೆ ಒಳಗೆ ಎಳ್ಕೊಳ್ಳೋದು ಶಾರ್ಟ್ ಆಗಿರತ್ತೆ, ಹೊರಗೆ ಬಿಡೋದೇ ಕಷ್ಟ. ಬಿಡೋವಾಗ ಸೀಟಿ ಥರ ಬರತ್ತೆ. ಇಲ್ಲಿ ಸೀಟಿ ಮೊದ್ಲು ಬಂತು ನೋಡು.” ಯಂತ್ರದ ಕಡೆ ನೋಡಿ ಕೇಳಿದಳು: “ಇವ್ರು ಇದಾರಾ?”

“ಇಲ್ಲ.”

“ಹೂಂ. ಗೊತ್ತಾಗತ್ತೆ.”

ಶನಿವಾರ ಅವಳಿಗೆ ರಜೆ. ಕವಯಿತ್ರಿ ಬೆಳಗ್ಗೆ ಒಂಬತ್ತಕ್ಕೆ ಟ್ಯಾಕ್ಸಿಯಲ್ಲಿ ಬಂದಿಳಿದರು. ಎತ್ತರದ ಕಪ್ಪು ಹೆಂಗಸು, ಕೈಯಲ್ಲಿ ಆ ಟೇಪಿನಿಂದ ಬರೆದ ಪದ್ಯವಿದ್ದ ಪುಸ್ತಕ, ಕಾಲಿಗೆ ಬಿಳಿ ಕ್ಯಾನ್ವಾಸ್ ಷೂ. ನನ್ನ ಕಡೆ ನೋಡದೆ ಅಕ್ಕನನ್ನು ಕೇಳಿದರು: “ನಿನ್ನ ತಮ್ಮನ ಕೈಗೆ ಬ್ಲೇಡು ಕೊಟ್ಟವರು ಯಾರು?”

“ಮನೆಯವರು ಕೊಟ್ಟಿರಲಿಲ್ಲ, ಇಲ್ಲಿಗೆ ಬಂದ ಮೇಲೆ ಕಲಿತದ್ದು,” ಎಂದಳು ಅಕ್ಕ. ಕವಯಿತ್ರಿ ನಕ್ಕರು. ಆ ನಗು ನನಗಾಗಿ ಇರಲಿಲ್ಲ. ಅವರ ಮಾತನ್ನೆಲ್ಲ ನಾನಿಲ್ಲಿ ಕನ್ನಡಕ್ಕೆ ತಂದಿದ್ದೇನೆ. ತರುವಾಗ ಎಷ್ಟು ಬಿದ್ದುಹೋಯಿತೋ ಹೇಳಲಾರೆ.

ಕೆಲಸ ಹೀಗೆ ಸಾಗಿತು. ಪುಸ್ತಕದಲ್ಲಿ ಸಾಲು ಮುರಿದಲ್ಲೆಲ್ಲ ಉಸಿರು ಕಡಿದಿದೆ ಎಂದಾದ ಮೇಲೆ, ಪದ್ಯವೇ ನಮಗೆ ನಕ್ಷೆ. ಕವಯಿತ್ರಿ ಸಾಲಿನ ಮೇಲೆ ಬೆರಳಿಟ್ಟು, ಆ ಹೆಂಗಸು ಅಲ್ಲಿ ಕೆಮ್ಮಿದಳೋ ಸುಮ್ಮನೆ ನಿಂತಳೋ ಎಂದು ನೆನಪು ಮಾಡಿಕೊಳ್ಳುವರು. ಅಕ್ಕ ತುಂಡು ಕೇಳಿ, ಇದು ಉದ್ದ ಮಾತಿನ ಮೇಲೆ ಬಂದದ್ದು, ಇದು ಕೆಮ್ಮಿನ ಬಾಲ, ಇದಕ್ಕೆ ಮುಂಚೆ ನೀರು ಕುಡಿದಿದ್ದಾರೆ ಎನ್ನುವಳು. ನಾನು ರೀಲಿನ ಬಿಳಿ ಅಂಟು ಬಿಡಿಸಿ, ತುಂಡು ಸೇರಿಸಿ, ಓಡಿಸುವುದು. ಸರಿಯಾದ ಜಾಗಕ್ಕೆ ಬಿದ್ದಾಗ ಕೋಣೆಯ ಸದ್ದು, ಹಿಂದಿನ ಫ್ರಿಜ್ಜಿನ ಗುಂಯ್ ಎನ್ನುವ ದನಿ, ಕಡಿಯದೆ ಮುಂದುವರಿಯುತ್ತಿತ್ತು. ಅದೇ ನಮಗೆ ಪರೀಕ್ಷೆ. ತಪ್ಪಾದರೆ ಫ್ರಿಜ್ಜು ಒಂದು ಕ್ಷಣ ಮುಗ್ಗರಿಸುತ್ತಿತ್ತು.

ಹೆಂಗಸು ಹೇಳುತ್ತಿದ್ದದ್ದು ಹತ್ತಿ ಹಿಂಜುವ ಕೋಣೆಯ ಬಗ್ಗೆ. ಕಪ್ಪು ಜನರಿಗೆ ಆ ಮಿಲ್ಲಿನಲ್ಲಿ ಮೊದಲು ಸಿಕ್ಕ ಕೆಲಸ ಅದು, ಬೇರೆಯವರು ಬಿಟ್ಟು ಹೋಗುತ್ತಿದ್ದ ಧೂಳಿನ ಕೆಲಸ. ಮನೆಗೆ ಬಂದ ಮೇಲೆ ಮಗಳು ಅವಳ ಕೂದಲಿಂದ ಹತ್ತಿ ಬಿಡಿಸುತ್ತಿದ್ದಳಂತೆ. ಸೋಮವಾರಗಳು ಹೆಚ್ಚು ಕೆಟ್ಟವಂತೆ. ಭಾನುವಾರ ಎದೆ ಸ್ವಲ್ಪ ಬಿಚ್ಚಿಕೊಂಡದ್ದು ಮತ್ತೆ ಬಿಗಿಯುತ್ತಿತ್ತು.

ಭಾನುವಾರ ಮಧ್ಯಾಹ್ನ ನಲವತ್ತೊಂದು ತುಂಡು ಕೂತವು. ಪದ್ಯದಲ್ಲಿ ಸಾಲುಗಳು ಮುಗಿದಿದ್ದವು. ಮೇಜಿನ ಮೇಲೆ ಆರು ತುಂಡು ಉಳಿದಿತ್ತು.

“ನಿಮ್ಮ ಪದ್ಯದಲ್ಲಿ ಮುರಿದದ್ದು ನಲವತ್ತೊಂದೇ,” ಎಂದೆ.

ಕವಯಿತ್ರಿ ಕನ್ನಡಕ ತೆಗೆದರು. ಅಕ್ಕ ಎದ್ದು ಅಡುಗೆಮನೆಗೆ ಹೋದಳು.

“ಮಗಳ ವಿಷಯ ಬರುವ ಭಾಗದಲ್ಲಿ ನಾನು ಸಾಲು ಜೋಡಿಸಿದೆ,” ಎಂದರು. “ಅಲ್ಲಿ ಮೂರು ಮೂರು ಪದಕ್ಕೆ ಉಸಿರು ಹೋಗುತ್ತಿತ್ತು. ಅಷ್ಟು ಮುರಿದರೆ ಓದುವವರು ಅಲ್ಲೇ ನಿಂತುಬಿಡುತ್ತಾರೆ ಅನಿಸಿತು. ಅವಳಿಗೆ ಓದಿ ತೋರಿಸಿದೆ. ತಲೆಯಾಡಿಸಿದಳು.”

“ಆ ಆರು ಎಲ್ಲಿದ್ದವು?”

“ಗೊತ್ತಿಲ್ಲ.”

ಆ ಭಾಗ ಅರ್ಧ ನಿಮಿಷದ್ದು. ನನ್ನ ಅಂಟುಗಳು ಅಲ್ಲಿ ಆರು ಇದ್ದವು. ಯಾವ ಅಂಟಿಗೆ ಯಾವ ತುಂಡು ಎಂಬುದೇ ಪ್ರಶ್ನೆ. ಟೇಪಿನಲ್ಲಿ ಆ ಹೊತ್ತಿಗೆ ಫ್ರಿಜ್ಜು ನಿಂತಿತ್ತು. ನಮ್ಮ ಪರೀಕ್ಷೆ ಅಲ್ಲಿ ನಡೆಯದು. ಆರೂ ಹೆಚ್ಚು ಕಡಿಮೆ ಒಂದೇ ಉದ್ದ, ಒಂದೇ ಬಗೆ. ಅಕ್ಕನಿಗೂ ಬೇರೆ ಮಾಡಲಾಗಲಿಲ್ಲ.

ನಿರ್ಮಾಪಕನಿಗೆ ಫೋನು ಮಾಡಿದೆ. “ಯಾವುದಾದರೂ ಎಲ್ಲಾದರೂ ಸೇರಿಸು. ಯಾರಿಗೆ ಗೊತ್ತಾಗುತ್ತೆ?” ಎಂದ. ಕವಯಿತ್ರಿಯೂ ಕೊನೆಗೆ ಹೇಳಿದ್ದು ಅದೇ. ದಣಿದಿದ್ದರು. “ಅವಳದ್ದೇ ಉಸಿರಲ್ಲವೇ? ಸೇರಿಸು, ಡಬ್ಬಿ ಮುಚ್ಚೋಣ.”

ಒಂದನ್ನು ಸೇರಿಸಿ ನೋಡಿದೆ. ಚೆನ್ನಾಗಿ ಕೂತಿತು. ಅದೇ ತುಂಡನ್ನು ಬಿಡಿಸಿ ಇನ್ನೊಂದು ಕಡೆ ಹಾಕಿದೆ. ಅಲ್ಲೂ ಅಷ್ಟೇ ಚೆನ್ನಾಗಿ ಕೂತಿತು. ಎರಡರಲ್ಲಿ ಒಂದು ಸುಳ್ಳು, ಆದರೆ ನನ್ನ ಕಿವಿ ಎರಡನ್ನೂ ಒಪ್ಪಿತು. ಇಷ್ಟು ವರ್ಷದ ಕೆಲಸದಲ್ಲಿ ನಾನು ಹೆದರಿದ್ದು ಆಗಲೇ. ತುಂಡನ್ನು ಬಿಡಿಸಿ, ಆರನ್ನೂ ಒಂದು ಲಕೋಟೆಗೆ ಹಾಕಿ, “ಮಗಳಿಗೆ ಹೇಳದೆ ನಾನಿದನ್ನು ಮುಗಿಸುವುದಿಲ್ಲ,” ಎಂದೆ.

“ನಿನಗೇನು, ಹೇಳಿ ಕಾರು ಹತ್ತುತ್ತೀಯ,” ಎಂದರು ಕವಯಿತ್ರಿ. “ನಾನು ಆ ಊರಿನಲ್ಲಿ ಬದುಕಬೇಕು. ನನ್ನನ್ನು ಅಲ್ಲಿಯವರು ಒಳಗೆ ಬಿಡುವುದು ಪದ್ಯಕ್ಕಾಗಿ ಅಂದುಕೊಂಡಿದ್ದೀಯಾ? ಇಸಕೊಂಡದ್ದನ್ನು ಹಾಗೇ ವಾಪಸು ಕೊಡುತ್ತೇನೆ ಅಂತ.”

“ಇದು ಹಾಗೇ ಇಲ್ಲವಲ್ಲ.”

ಅವರು ಪುಸ್ತಕ ಮುಚ್ಚಿದರು.

ಸೋಮವಾರ ಬೆಳಗ್ಗೆ ಕತ್ತಲಿರುವಾಗಲೇ ಇಬ್ಬರೂ ಕೆರೊಲಿನಾಕ್ಕೆ ಹೊರಟೆವು. ಅಕ್ಕ ಚಿತ್ರಾನ್ನದ ಡಬ್ಬಿ ಕೊಟ್ಟು, “ಡ್ರೈವ್ ಮಾಡ್ತಾ ವಾದ ಮಾಡ್ಬೇಡ,” ಎಂದಳು. ವಾದವಾಗಲಿಲ್ಲ. ಮೂರೂವರೆ ಗಂಟೆ ಕವಯಿತ್ರಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಮಡಿಲಲ್ಲಿ ರೀಲಿನ ಡಬ್ಬಿ. ಅದನ್ನು ಹಿಂದಿನ ಸೀಟಿನಲ್ಲಿಡಲು ಒಪ್ಪಲಿಲ್ಲ.

ಮಗಳು ಶಾಲೆಯ ಬಸ್ಸು ಓಡಿಸುತ್ತಿದ್ದಳು. ಬೆಳಗಿನ ಟ್ರಿಪ್ಪು ಮುಗಿದು ಮಧ್ಯಾಹ್ನದ್ದು ಶುರುವಾಗುವವರೆಗೆ ಮನೆಯಲ್ಲಿರುತ್ತಾಳೆ. ಹಳದಿ ಬಸ್ಸು ಮನೆಯ ಪಕ್ಕ ಹುಲ್ಲಿನ ಮೇಲೆ ನಿಂತಿತ್ತು. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಕವಯಿತ್ರಿಯನ್ನು ತಬ್ಬಿಕೊಂಡು, ನನ್ನ ಕೈ ಕುಲುಕಿ, ಅಡುಗೆಮನೆಯ ಮೇಜಿಗೆ ಕರೆದೊಯ್ದಳು. ಟೇಪಿನಲ್ಲಿರುವ ಅದೇ ಅಡುಗೆಮನೆ ಎಂದು ನನಗೆ ಗೊತ್ತಾದದ್ದು ಕೂತ ಮೇಲೆ.

ಕವಯಿತ್ರಿ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ನಕಲು ಎಂದುಕೊಂಡದ್ದು, ಕತ್ತರಿಸಿದ್ದು, ಬುಟ್ಟಿ, ನಲವತ್ತೊಂದು, ಆರು. ಲಕೋಟೆಯನ್ನು ಮೇಜಿನ ಮೇಲಿಟ್ಟೆ. ಮಗಳು ಅದನ್ನು ಮುಟ್ಟಲಿಲ್ಲ.

“ಕಸದ ಬುಟ್ಟಿಗೆ,” ಎಂದಳು.

“ಹೌದು.”

“ನನ್ನ ತಾಯಿಯದನ್ನ.”

“ಹೌದು.”

“ಹಾಕು, ಕೇಳೋಣ.”

ಯಂತ್ರಕ್ಕೆ ರೀಲು ಏರಿಸಿದೆ. ಮೊದಲ ಮಾತು, ಮೊದಲ ಉಸಿರು. ಎರಡನೆಯದು. ಮೂರನೆಯ ಉಸಿರಿಗೆ ಮಗಳು ಅಂಗೈ ಎತ್ತಿದಳು. ನಿಲ್ಲಿಸಿದೆ. ಇನ್ನು ಹೊರಗೆ ನಡೆಯಿರಿ ಎನ್ನುತ್ತಾಳೆ ಎಂದು ಕಾದೆ. ಕವಯಿತ್ರಿಯೂ ಅದನ್ನೇ ಕಾಯುತ್ತಿದ್ದರು; ಬ್ಯಾಗಿನ ಪಟ್ಟಿ ಹಿಡಿದುಕೊಂಡಿದ್ದರು.

“ನಾನಿದನ್ನ ಒಂದು ಸಲವೂ ಪೂರ್ತಿ ಕೇಳಿಲ್ಲ,” ಎಂದಳು ಮಗಳು. “ಇಲ್ಲಿವರೆಗೆ ಬರ್ತೀನಿ, ನಿಲ್ಲಿಸ್ತೀನಿ. ಎರಡು ವರ್ಷ ಆ ಗೋಡೆ ಆಚೆಯಿಂದ ಇದನ್ನೇ ಕೇಳಿದೀನಿ. ಸಾಕಾಗಿತ್ತು.” ಆಮೇಲೆ ನನ್ನನ್ನು ನೇರವಾಗಿ ನೋಡಿದಳು. “ನೀನು ಅದನ್ನೆಲ್ಲ ತೆಗೆದಾಗ, ಉಳಿದದ್ದು ಬರೀ ಮಾತಾ? ಅಮ್ಮ ಸುಮ್ಮನೆ ಮಾತಾಡೋದು?”

“ಹೌದು.”

“ಹೇಗಿತ್ತು?”

ನಾನು ಕವಯಿತ್ರಿಯ ಕಡೆ ನೋಡಲಿಲ್ಲ. “ವಾಕ್ಯ ಮುಗಿಸುವಾಗ ಸಣ್ಣಗೆ ನಗುತ್ತಾರೆ,” ಎಂದೆ. “ಉಸಿರಿರುವಾಗ ಅದು ಕೇಳುವುದಿಲ್ಲ. ನುಂಗಿಹೋಗುತ್ತದೆ.”

ಮಗಳು ಎದ್ದು, ಸಿಂಕಿನ ಹತ್ತಿರ ಹೋಗಿ, ಸುಮ್ಮನೆ ನಲ್ಲಿ ತಿರುಗಿಸಿ ನಿಲ್ಲಿಸಿದಳು. “ನನಗೆ ಅದು ಬೇಕು. ಅದನ್ನ ಮಾಡಿಕೊಡು.”

“ಅವಳು ಹಾಗಿರಲಿಲ್ಲ,” ಎಂದರು ಕವಯಿತ್ರಿ. ಮೆಲ್ಲಗೆ ಹೇಳಿದರು. “ನಾನು ಇದೇ ಕುರ್ಚಿಯಲ್ಲಿ ಕೂತಿದ್ದೆ. ಆ ಮಿಲ್ಲು ಅವಳಿಗೆ ಏನು ಮಾಡಿತೋ ಅದೆಲ್ಲ ಆ ಉಸಿರಲ್ಲಿದೆ.”

“ನೀವು ಬಂದಾಗ ಹಾಗಿರಲಿಲ್ಲ. ನೀವು ಬರೋದಕ್ಕೆ ಮುಂಚೆ ನಲವತ್ತು ವರ್ಷ ಹಾಗೇ ಇದ್ದಳು.”

ಕವಯಿತ್ರಿ ಬ್ಯಾಗಿನ ಪಟ್ಟಿ ಬಿಟ್ಟರು. ಅಷ್ಟನ್ನು ಕಂಡದ್ದು ನಿಜ. ಅವರ ಮುಖ ಹೇಗಿತ್ತು ಎಂದು ಬರೆದರೆ ಅದು ನನ್ನ ಸೇರಿಕೆ.

“ರೇಡಿಯೋಗೆ?” ಎಂದು ನಾನೇ ಕೇಳಿದೆ.

“ರೇಡಿಯೋಗೆ ಇದನ್ನೇ ಹಾಕಿ. ಆ ಮಿಲ್ಲಿನ ಮೇಲಿನವರು ಯಾರಾದರೂ ಬದುಕಿದ್ದರೆ ಕೇಳಲಿ.” ಲಕೋಟೆಯನ್ನು ಕೊನೆಗೂ ಎತ್ತಿ, ಒಳಗೆ ಇಣುಕಿ, ಅದನ್ನು ಫ್ರಿಜ್ಜಿನ ಮೇಲಿನ ಬೀರುವಿನಲ್ಲಿಟ್ಟಳು. “ಇವನ್ನ ಸೇರಿಸಬೇಡ. ಎಲ್ಲಿಯದು ಅಂತ ಗೊತ್ತಿಲ್ಲ ಅಂದಮೇಲೆ ಇಲ್ಲೇ ಇರಲಿ.” ಗಡಿಯಾರ ನೋಡಿ ಬಸ್ಸಿನ ಬೀಗದ ಕೈ ತೆಗೆದುಕೊಂಡಳು. ಡಬ್ಬಿಯನ್ನು ಶುಕ್ರವಾರದ ನಂತರ ಅಂಚೆಯಲ್ಲಲ್ಲ, ಕೈಯಾರೆ ತಂದುಕೊಡಬೇಕು ಎಂದು ನನಗೆ ಹೇಳಿದಳು.

ಮಂಗಳವಾರ ವಾಷಿಂಗ್ಟನ್ನಿನಲ್ಲಿ ಮೊದಲು ರೀಲಿನ ಎರಡು ನಕಲು ಮಾಡಿದೆ. ಒಂದು ಪ್ರಸಾರಕ್ಕೆ. ಆರು ಉಸಿರುಗಳು ನಮ್ಮ ಕೈಯಲ್ಲಿ ಜಾಗ ಕಳೆದುಕೊಂಡಿವೆ ಎಂದು ಕಾರ್ಯಕ್ರಮದಲ್ಲೇ ಹೇಳಬೇಕೆಂದೆ. ನಿರ್ಮಾಪಕ ಒಪ್ಪಲಿಲ್ಲ, ಅದು ನಮ್ಮ ಮಾನದ ಪ್ರಶ್ನೆ ಎಂದ. ಹಾಗಾದರೆ ನನ್ನ ಹೆಸರು ತೆಗೆದುಬಿಡು ಎಂದೆ. ಮಧ್ಯಾಹ್ನದ ಹೊತ್ತಿಗೆ ಅದನ್ನು ಹೇಳಲು ಹನ್ನೆರಡು ಸೆಕೆಂಡು ಕೊಟ್ಟ. ಕೆಮ್ಮುಗಳನ್ನೂ ಬಿಟ್ಟ, ಬದಲಿಗೆ ಸಂಗೀತ ಕತ್ತರಿಸಿದ.

ಇನ್ನೊಂದು ನಕಲಿನ ಮೇಲೆ ಬುಧವಾರ ಕೂತೆ. ಎರಡು ದಿನ ಒಂದೊಂದಾಗಿ ಸೇರಿಸಿದ್ದನ್ನು ಮತ್ತೆ ಒಂದೊಂದಾಗಿ ತೆಗೆದೆ. ಈ ಸಲ ಪ್ರತಿ ತುಂಡಿಗೂ ನಂಬರು ಹಾಕಿ ಮೇಜಿನ ಅಂಚಿಗೆ ಅಂಟಿಸಿದೆ, ಯಾರೂ ಕೇಳದಿದ್ದರೂ. ಮೊದಲ ಸಲ ಅಷ್ಟು ಸಲೀಸಾಗಿ ಓಡಿದ್ದ ಬ್ಲೇಡು ಈಗ ತಡೆಯುತ್ತಿತ್ತು. ಯಾವ ಉಸಿರು ಯಾವ ಮಾತಿನದು ಎಂದು ಈಗ ನನಗೆ ಬಾಯಿಪಾಠ. ಸಂಜೆ ಕ್ಯಾಸೆಟ್ಟಿಗೆ ಇಳಿಸಿ ಮಗಳಿಗೆ ಕೊರಿಯರ್ ಮಾಡಿದೆ. ಕವಯಿತ್ರಿಗೂ ಒಂದು ಕಳಿಸಲೇ ಎಂದು ಫೋನಿನಲ್ಲಿ ಕೇಳಿದಾಗ ಬೇಡ ಎಂದರು. “ಉಸಿರಿಲ್ಲದ ಆ ಮಾತು ನನ್ನ ಕೆಲಸವಲ್ಲ,” ಎಂದರು.

ಶುಕ್ರವಾರ ಸಂಜೆ ಆರಕ್ಕೆ ಕಾರ್ಯಕ್ರಮ ಪ್ರಸಾರವಾಯಿತು. ಮರುದಿನ ಕವಯಿತ್ರಿ ಫೋನು ಮಾಡಿದರು. ಪ್ರಸಾರ ಹೇಗಿತ್ತು ಎಂದು ಕೇಳಿದೆ.

“ಕೇಳಲಿಲ್ಲ. ಅವಳ ಮನೆಗೆ ಹೋಗಿದ್ದೆ, ಜೊತೆಯಲ್ಲಿ ಕೇಳೋಣ ಅಂತ. ಅವಳು ರೇಡಿಯೋ ಹಾಕಲಿಲ್ಲ. ನಿನ್ನ ಕ್ಯಾಸೆಟ್ಟು ಹಾಕಿದಳು.”

“ಎದ್ದು ಬಂದಿರಾ?”

“ಇಲ್ಲ,” ಎಂದರು. “ಮುಗಿದ ಮೇಲೆ ಇನ್ನೊಂದು ಸಲ ಹಾಕು ಅಂತ ಹೇಳಿದ್ದು ನಾನೇ.”